ಅನಿಮೇಷನ್‌ನಲ್ಲಿ ನೀರು ಚೆನ್ನಾಗಿರುತ್ತೆ, ಅದರೊಳಗಿನ ಬಲೆ, ಬಟ್ಟೆ ಯಾಕೆ ನಕಲಿ ಅನ್ನಿಸುತ್ತೆ?

ಹೆಚ್ಚಾಗಿ, ಎರಡರ ಲೆಕ್ಕವನ್ನೂ ಬೇರೆ ಬೇರೆ ಮಾಡಿ ಆಮೇಲೆ ಜೋಡಿಸುವುದರಿಂದ. ನಿಜದಲ್ಲಿ ನೀರು ಬಟ್ಟೆಯನ್ನು ತಳ್ಳುವ ಕ್ಷಣದಲ್ಲೇ ಬಟ್ಟೆಯೂ ನೀರನ್ನು ತಳ್ಳುತ್ತಿರುತ್ತದೆ.

ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿಗೆ ಬೀಸುಬಲೆ ಎಸೆಯುವುದನ್ನು ನೋಡಿ. ಅಂಚಿನ ಸೀಸದ ಗುಂಡುಗಳು ಸರ್ರನೆ ಇಳಿಯುತ್ತವೆ. ನಡುವಿನ ಬಲೆ ಉಬ್ಬಿಕೊಂಡು ಹಿಂದೆ ಉಳಿಯುತ್ತದೆ. ಹಗುರ ವಸ್ತು ನೀರಲ್ಲಿ ಅಲುಗಬೇಕಾದರೆ ಸುತ್ತಲಿನ ನೀರನ್ನೂ ಸರಿಸಬೇಕು. ಆ ನೀರೇ ಅದಕ್ಕಿಂತ ಭಾರ!

ಕಂಪ್ಯೂಟರ್ ಎಡವುವುದು ಇಲ್ಲೇ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಅಲ್ವಾ? ಒಂದೊಂದನ್ನೂ ಸಣ್ಣ ಹೆಜ್ಜೆಗಳಾಗಿ ಒಡೆದು, ಮೊದಲು ನೀರು, ಆಮೇಲೆ ಬಟ್ಟೆ ಅಂತ ಸರಿಸಿದರೆ, ಹಗುರ ಬಟ್ಟೆಗೆ ಬೇಕಾದ್ದಕ್ಕಿಂತ ಜಾಸ್ತಿ ಒದೆತ ಬೀಳುತ್ತದೆ. ಮುಂದಿನ ಹೆಜ್ಜೆಯಲ್ಲಿ ನೀರು ಇನ್ನೂ ಜೋರಾಗಿ ವಾಪಸ್ ತಳ್ಳುತ್ತದೆ. ಇದು ಬೆಳೆಯುತ್ತಾ ಹೋಗಿ ಬಟ್ಟೆ ಗಡಗಡ ನಡುಗುತ್ತದೆ, ಕೆಲವೊಮ್ಮೆ ಚೆಲ್ಲಾಪಿಲ್ಲಿಯಾಗುತ್ತದೆ. ವಿಚಿತ್ರ ಅಂದರೆ, ಹೆಜ್ಜೆ ಚಿಕ್ಕದು ಮಾಡಿದರೂ ಇದು ನಿಲ್ಲದೇ ಇರಬಹುದು. ಆಗ ಬಟ್ಟೆಯ ತೂಕವನ್ನೋ ಬಿಗಿಯನ್ನೋ ಸುಮ್ನೆ ಹೆಚ್ಚಿಸಿ ಸಾಗಹಾಕುವುದುಂಟು. ನಿಮ್ಮ ಕಣ್ಣಿಗೆ ಬೀಳುವುದು ಬಹುಶಃ ಅದೇ.

ಸರಿಯಾದ ದಾರಿ ಎಂದರೆ ಎರಡರ ಲೆಕ್ಕವನ್ನೂ ಒಟ್ಟಿಗೇ ಬಿಡಿಸುವುದು. ನೀರು ಮತ್ತು ಮೆದು ವಸ್ತುವನ್ನು ಜೋಡಿಸುವ ಒಂದು ಹೆಸರಾಂತ ವಿಧಾನ ಗ್ರಾಫಿಕ್ಸ್‌ನಿಂದ ಬಂದದ್ದೇ ಅಲ್ಲ. ಹೃದಯದ ಕವಾಟದ ಸುತ್ತ ರಕ್ತ ಹೇಗೆ ಹರಿಯುತ್ತದೆ ಎಂದು ತಿಳಿಯಲು ಗಣಿತಜ್ಞ ಚಾರ್ಲ್ಸ್ ಪೆಸ್ಕಿನ್ 1972ರಲ್ಲಿ ಅದನ್ನು ರೂಪಿಸಿದರು. ಒಟ್ಟಿಗೇ ಬಿಡಿಸಲು ಸಮಯ ಮಾತ್ರ ಜಾಸ್ತಿ ಬೇಕು. ಗೇಮ್‌ಗಳಲ್ಲಿ ಅಷ್ಟು ಪುರುಸೊತ್ತು ಇರುವುದಿಲ್ಲ.