ಓದುಗರ ಪ್ರಶ್ನೆ: ಜಾಝ್ ಟ್ರಂಪೆಟ್ಟಿಗೆ ಬ್ರೆಜಿಲ್ ಲಯ

ಪ್ರಶ್ನೆ: ಜಾಝ್ ಟ್ರಂಪೆಟ್ ನುಡಿಸುತ್ತೇನೆ. ಬೋಸಾನೋವಾ (ಬ್ರೆಜಿಲ್‌ನ ಮೆಲುದನಿಯ ಸಂಗೀತ, ಚಿಕ್ಕದಾಗಿ ಬೋಸಾ) ನುಡಿಸಿದಾಗ ಸ್ವರ ಒಂದೂ ತಪ್ಪುವುದಿಲ್ಲ, ಆದರೂ ಜೊತೆಯವರು ‘ಭಾರ ಆಯ್ತು’ ಅನ್ನುತ್ತಾರೆ. ಯಾಕೆ?

ಉತ್ತರ: ನಿಮ್ಮ ಮುಂದಿರುವ ಹಾಳೆಯೇ ಅರ್ಧ ಕಾರಣ ಇರಬಹುದು. ಅಮೆರಿಕದ ಜಾಝ್ ಪುಸ್ತಕಗಳಲ್ಲಿ ಬೋಸಾನೋವಾವನ್ನು 4/4ರಲ್ಲಿ (ಆವರ್ತಕ್ಕೆ ನಾಲ್ಕು ಬೀಟ್), ಎಯ್ತ್ ನೋಟ್‌ಗಳಲ್ಲಿ (ಬೀಟಿನ ಅರ್ಧ ಪಾಲು) ಬರೆದಿರುತ್ತಾರೆ. ಬ್ರೆಜಿಲ್‌ನಲ್ಲಿ ಅದೇ ರಾಗವನ್ನು 2/4ರಲ್ಲಿ, ಸಿಕ್ಸ್‌ಟೀನ್ತ್ ನೋಟ್‌ಗಳಲ್ಲಿ (ಬೀಟಿನ ಕಾಲು ಪಾಲು) ಬರೆಯುವುದು ರೂಢಿ. ಎಯ್ತ್ ನೋಟ್ ಕಂಡ ಕೂಡಲೇ ಜಾಝ್ ವಾದಕರ ನಾಲಿಗೆ ಸ್ವಿಂಗ್‌ಗೆ ಹೊರಳುತ್ತದೆ: ಉದ್ದ-ಗಿಡ್ಡ, ಉದ್ದ-ಗಿಡ್ಡ, ಹೆಚ್ಚುಕಡಿಮೆ ತಿಶ್ರ ನಡೆ (ಬೀಟಿಗೆ ಮೂರು ಪಾಲು). ಬೋಸಾ, ಅದರ ಮೂಲವಾದ ಸಾಂಬಾ ಎರಡೂ ಚತುರಶ್ರ (ಬೀಟಿಗೆ ನಾಲ್ಕು ಸಮ ಪಾಲು). ಮೇಲಾಗಿ ಕಾಲು ನಾಲ್ಕು ಸಲ ತಟ್ಟುತ್ತಿರುತ್ತದೆ. ಅಲ್ಲಿ ಬೇಕಾದದ್ದು ಎರಡೇ.

ಮೆಟ್ರೋನೋಮ್ 60ಕ್ಕೆ ಇಡಿ. ವಾದ್ಯ ಕೆಳಗಿಟ್ಟು, ಪ್ರತಿ ಬೀಟಿಗೆ ‘ತಕದಿಮಿ’ ಹೇಳುತ್ತಾ ಎರಡು ಬೀಟ್‌ಗಳ ಆವರ್ತ ಮಾಡಿ. ಕಾಲಿನ ಭಾರ ಎರಡನೇ ಬೀಟಿನ ಮೇಲಿರಲಿ. ಸಾಂಬಾದಲ್ಲಿ ಸುರ್ದೊ ಎಂಬ ದೊಡ್ಡ ಡೋಲು ಗುಮ್ಮೆನ್ನುವುದು ಅಲ್ಲೇ, ಒಂದರ ಮೇಲಲ್ಲ. ಇದು ಕೂತ ಮೇಲೆ ‘ದಿ’ ನುಂಗಿ, ‘ತ-ಕ-ಮಿ’ ಮಾತ್ರ ಉಳಿಸಿ. ಗಿಡ್ಡ-ಉದ್ದ-ಗಿಡ್ಡ ಎಂಬ ಈ ಮೂರು ಸ್ವರಗಳ ಗುಂಪು ಬ್ರೆಜಿಲ್ ಸಂಗೀತದಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಆಮೇಲೆ ಕೊನೆಯ ‘ಮಿ’ಯನ್ನು ಮುಂದಿನ ಬೀಟಿಗೆ ಎಳೆದು ಸೇರಿಸಿ, ಆ ಬೀಟನ್ನು ಮತ್ತೆ ಊದಬೇಡಿ. ರಾಗವೂ ಕಾರ್ಡೂ ಬೀಟಿಗಿಂತ ಕಾಲು ಪಾಲು ಮೊದಲೇ ಬಂದು ಕೂರುವುದು ಹೀಗೆ.

ಟ್ರಂಪೆಟ್ಟಿನಲ್ಲಿ ಕೆಡುವುದೂ ಈ ‘ಮಿ’ಯೇ. ಬಿಗ್ ಬ್ಯಾಂಡ್ ಅಭ್ಯಾಸದಿಂದ ಅದನ್ನು ‘ಟಾ’ ಎಂದು ಒದೆಯುತ್ತೇವೆ. ನಾಲಿಗೆ ‘ದ’ ಅನ್ನಲಿ, ಉಸಿರು ಮಾತ್ರ ಮೊದಲೇ ಹರಿಯುತ್ತಿರಲಿ. ಸ್ವರದ ಹೊತ್ತಿಗೆ ಉಸಿರು ಶುರು ಮಾಡಿದರೆ ಸದ್ದು ತಡವಾಗುತ್ತದೆ. ಆ ತಡವನ್ನು ಮುಚ್ಚಲು ಮತ್ತೆ ಒದೆಯಬೇಕಾಗುತ್ತದೆ.

ಡ್ರಮ್ಮರ್ ರಿಮ್ (ಡ್ರಮ್ಮಿನ ಅಂಚು) ಮೇಲೆ ಬಡಿಯುವ ನಮೂನೆಯನ್ನೂ ತಿಳಿದಿರಿ: ಎರಡು ಆವರ್ತಗಳ 16 ಪಾಲುಗಳಲ್ಲಿ 1, 4, 7, 11, 14. ಆದರೆ ಕ್ಯೂಬಾ ಸಂಗೀತದ ಕ್ಲಾವೆ ಎಂಬ ಖಾಯಂ ಲಯದ ನಮೂನೆಯಂತೆ ಅದನ್ನು ಕಟ್ಟಳೆ ಮಾಡಿಕೊಳ್ಳಬೇಡಿ. ಬ್ರೆಜಿಲ್‌ನ ತಾಳವಾದ್ಯದವರು ಅದನ್ನು ಬದಲಿಸುತ್ತಲೇ ಇರುತ್ತಾರೆ.

ಪ್ರಶ್ನೆ: ಬೋಸಾಗೆ ಫ್ಲೂಗಲ್‌ಹಾರ್ನ್ (ಟ್ರಂಪೆಟ್ಟಿನಂಥದೇ, ಮೃದು ದನಿಯ ವಾದ್ಯ) ಬೇಕೇ ಬೇಕೇ? ಮ್ಯೂಟ್ (ವಾದ್ಯದ ಬಾಯಿಗೆ ತುರುಕಿ ದನಿ ತಗ್ಗಿಸುವ ಸಾಧನ) ಹಾಕಿದ ಟ್ರಂಪೆಟ್ ಸಾಲದೇ?

ಉತ್ತರ: ಸಾಲುತ್ತದೆ, ಮೈಕ್ ಇದ್ದರೆ. ಬೋಸಾದ ಸದ್ದಿನ ಅಳತೆ ನಿಗದಿಯಾದದ್ದು 1958ರಲ್ಲಿ ಗಾಯಕ ಜೊವಾವ್ ಜಿಲ್ಬರ್ಟೊ ರಿಯೋದಲ್ಲಿ ಹಾಡಿದ ಧ್ವನಿಮುದ್ರಣದಿಂದ: ಮೆಲುದನಿ, ವೈಬ್ರಾಟೊ (ಸ್ವರದ ನಡುಕ) ಇಲ್ಲವೆನ್ನುವಷ್ಟು ಕಡಿಮೆ, ಪಕ್ಕದಲ್ಲಿ ಗಿಟಾರ್. ಗಿಟಾರ್ ಕೇಳಿಸುವುದು ನಿಂತಿತೆಂದರೆ ನೀವು ಜೋರಾದಿರಿ. ಹಾರ್ಮನ್ ಎಂಬ ಬಗೆಯ ಮ್ಯೂಟ್‌ನ ನಡುವಿನ ಕೊಳವೆ ತೆಗೆದು, ಮೈಕ್‌ಗೆ ತೀರಾ ಹತ್ತಿರ ನುಡಿಸಿ. ಮ್ಯೂಟ್ ಹಾಕಿದರೆ ಶ್ರುತಿ ಏರುತ್ತದೆ. ಮುಖ್ಯ ಟ್ಯೂನಿಂಗ್ ಸ್ಲೈಡನ್ನು ಕೆಲವು ಮಿಲಿಮೀಟರ್ ಹೊರಗೆಳೆದು ಟ್ಯೂನರ್‌ನಲ್ಲಿ ನೋಡಿಕೊಳ್ಳಿ, ಮ್ಯೂಟ್ ತೆಗೆದಾಗ ವಾಪಸು ತಳ್ಳುವುದನ್ನು ಮರೆಯದಿರಿ. ಮ್ಯೂಟ್ ಇದ್ದಾಗ ಕೆಳಗಿನ ಸ್ವರಗಳು ಸೊರಗುತ್ತವೆ, ಅಂಥ ಭಾಗಕ್ಕೆ ಫ್ಲೂಗಲ್‌ಹಾರ್ನೇ ವಾಸಿ.

ಕೇಳಲೇಬೇಕಾದ ಟ್ರಂಪೆಟ್ ವಾದಕರು ಕ್ಲಾಡಿಯೊ ರೊಡಿಟಿ. 1946ರಲ್ಲಿ ರಿಯೋದಲ್ಲಿ ಹುಟ್ಟಿ, 1970ರಲ್ಲಿ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಕಲಿಯಲು ಬಾಸ್ಟನ್‌ಗೆ ಹೋದವರು. ಬೆಬಾಪ್ (ವೇಗದ ಜಾಝ್ ಶೈಲಿ) ಮಾತು, ಸಾಂಬಾ ನಡಿಗೆ. ಎರಡನ್ನೂ ಹೊಲಿಗೆ ಕಾಣದಂತೆ ಸೇರಿಸಿದ್ದಾರೆ. ಅವರ ಕೈಯಲ್ಲಿ ಇರುತ್ತಿದ್ದದ್ದು ರೋಟರಿ ವಾಲ್ವ್‌ನ ಟ್ರಂಪೆಟ್. ಅದಕ್ಕಾಗಿ ನೀವು ಅದನ್ನು ಕೊಳ್ಳಲು ಹೊರಡಬೇಡಿ, ಅವರ ನಾಲಿಗೆಯನ್ನು ಗಮನಿಸಿ. ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ 1956ರಲ್ಲೇ ಬ್ರೆಜಿಲ್‌ಗೆ ಹೋಗಿದ್ದರು. 1962ರಲ್ಲಿ ಅವರು ಮುದ್ರಿಸಿದ ಬೋಸಾಗಳಲ್ಲಿ ಜಾಝ್ ಕಡೆಯ ಎಳೆತ ಹೆಚ್ಚು. ಇಬ್ಬರನ್ನೂ ಅಕ್ಕಪಕ್ಕ ಇಟ್ಟು ಕೇಳಿದರೆ ನಿಮ್ಮ ಮೊದಲ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಪ್ರಶ್ನೆ: ಶೋರೊ (ಬ್ರೆಜಿಲ್‌ನ ಹಳೆಯ ವಾದ್ಯಸಂಗೀತ) ನುಡಿಸಲು ಹೊರಟರೆ ಎರಡನೇ ಸುತ್ತಿಗೇ ತುಟಿ ಸೋಲುತ್ತದೆ.

ಉತ್ತರ: ಸೋಲದೆ ಇರುತ್ತದೆಯೇ! ಅದರ ರಾಗಗಳು ಹೆಚ್ಚಾಗಿ ಕೊಳಲಿಗೆ, ಮ್ಯಾಂಡೊಲಿನ್‌ಗೆ ಒಗ್ಗಿದವು. ಹಳೆಯ ಕಟ್ಟು ಮೂರು ಭಾಗದ್ದು, ಎಎ-ಬಿಬಿ-ಎ-ಸಿಸಿ-ಎ ಎಂದು ಸುತ್ತುತ್ತದೆ, ಭಾಗ ಬದಲಾದಾಗ ಶ್ರುತಿಯೂ ಬದಲಾಗುತ್ತದೆ. ಎಲ್ಲವನ್ನೂ ನೀವೇ ಹೊರಬೇಡಿ. ಮರುಕಳಿಕೆಯನ್ನು ಕವಾಕಿನ್ಯೊಗೆ (ನಾಲ್ಕು ತಂತಿಯ ಪುಟ್ಟ ಗಿಟಾರ್) ಬಿಡಿ. ಉಸಿರಿನ ಜಾಗವನ್ನು ಪೆನ್ಸಿಲ್‌ನಲ್ಲಿ ಗುರುತಿಸಿ, ಅಲ್ಲಿ ಒಂದು ಸಿಕ್ಸ್‌ಟೀನ್ತ್ ನೋಟನ್ನು ನಿರ್ದಾಕ್ಷಿಣ್ಯವಾಗಿ ಕೈಬಿಡಿ. ಬಿ ಫ್ಲ್ಯಾಟ್ ಟ್ರಂಪೆಟ್ ಒಂದು ಪೂರ್ಣ ಸ್ವರ ಮೇಲೆ ಓದಬೇಕು: ಜೊತೆಯವರ ಡಿ ಮೇಜರ್ ನಿಮಗೆ ಇ ಮೇಜರ್, ನಾಲ್ಕು ಶಾರ್ಪ್. ಸಿ ಟ್ರಂಪೆಟ್ ಇದ್ದರೆ ಈ ತಲೆನೋವಿಲ್ಲ.

ಮನೋಧರ್ಮದ ಆತುರವೂ ಬೇಡ. ರಾಗ ಗುರುತು ಸಿಗುವಷ್ಟೇ ಅಲಂಕಾರ ಸಾಕು. ಸಾಲಿನ ಕೊನೆಯಲ್ಲಿ ಏಳು ತಂತಿಯ ಗಿಟಾರ್ ಕೆಳಗಿಳಿದು ಓಡುತ್ತದಲ್ಲ, ಆಗ ಸುಮ್ಮನಿರಿ. ಅದು ಆ ಗಿಟಾರಿನ ಸರದಿ.

ಪ್ರಶ್ನೆ: ಈಶಾನ್ಯ ಬ್ರೆಜಿಲ್‌ನ ಸಂಗೀತಕ್ಕೆ ಯಾವ ಸ್ಕೇಲ್ ಕಲಿಯಲಿ?

ಉತ್ತರ: ಅಲ್ಲಿನ ಬಯಾಂವ್ ಎಂಬ ನೃತ್ಯಸಂಗೀತಕ್ಕೆ ಮೊದಲು ಒಂದು ಸಾಕು: ನಾಲ್ಕನೆಯದು ಏರಿದ, ಏಳನೆಯದು ಇಳಿದ ಮೇಜರ್. ಸಿ ಶ್ರುತಿಯಲ್ಲಿ ಸಿ, ಡಿ, ಇ, ಎಫ್ ಶಾರ್ಪ್, ಜಿ, ಎ, ಬಿ ಫ್ಲ್ಯಾಟ್. ನಿಮ್ಮ ಬಿ ಫ್ಲ್ಯಾಟ್ ಟ್ರಂಪೆಟ್ಟಿನಲ್ಲಿ ಡಿ, ಇ, ಎಫ್ ಶಾರ್ಪ್, ಜಿ ಶಾರ್ಪ್, ಎ, ಬಿ, ಸಿ. ಜಬುಂಬಾ ಡೋಲಿನ 3+3+2 ಗುಂಪನ್ನು ಕಾಲಿನಲ್ಲಿ ಇಟ್ಟುಕೊಂಡು ಅಭ್ಯಾಸ ಮಾಡಿ. ಅಲ್ಲಿನ ರೆಸೀಫೆ ನಗರದ ಕಾರ್ನಿವಲ್‌ನಲ್ಲಿ ನುಡಿಸುವ ಫ್ರೆವೊ ಎಂಬ ಬಿರುಸಿನ ಸಂಗೀತ ಬೇರೆಯೇ ಲೋಕ; ಅಲ್ಲಿ ಹಿತ್ತಾಳೆ ವಾದ್ಯಗಳದೇ ರಾಜ್ಯ, ಸ್ಯಾಕ್ಸ್‌ಗಳ ಸಾಲು ಕೇಳಿದ್ದಕ್ಕೆ ಟ್ರಂಪೆಟ್-ಟ್ರಾಂಬೋನ್ ಸಾಲು ಉತ್ತರ ಕೊಡುತ್ತದೆ. ಅದರ ಓಟಕ್ಕೆ ಒಂಟಿ ನಾಲಿಗೆ ಸಾಲದು. ‘ತು-ಕು’ ಎಂದು ಜೋಡಿ ನಾಲಿಗೆ ಬೇಕು, ಅದರಲ್ಲೂ ‘ಕು’ ಸೊರಗದಂತೆ ‘ಕು-ಕು-ಕು’ ಎಂದು ಅದೊಂದನ್ನೇ ನಿಧಾನವಾಗಿ ಊದಿ ಗಟ್ಟಿ ಮಾಡಿಕೊಳ್ಳಿ.