ನಾಣ್ಯ ತಿರುಗಿಸಿ ನೋಡಿ

ಪತ್ರ: ಕಳೆದ ಸಂಚಿಕೆಯಲ್ಲಿ ರೋಮನ್ ಸಾಮ್ರಾಜ್ಯದ ಕೊನೆಗಾಲದ ರಾಣಿಯರ ನಾಣ್ಯಗಳ ಚಿತ್ರ ನೋಡಿದೆ. ಎಲ್ಲರದ್ದೂ ಒಂದೇ ಮೂಗು, ಒಂದೇ ತುರುಬು. 'ಈ ನಾಣ್ಯಗಳು ಆ ಹೆಂಗಸರ ಬದುಕನ್ನೇ ಹೇಳುತ್ತವೆ' ಎಂದು ಕೆಳಗೆ ಬರೆದಿದ್ದೀರಿ. ಎಲ್ಲಿ ಹೇಳುತ್ತವೆ ಸ್ವಾಮಿ? ನನಗೆ ಹೆಸರು ಬಿಟ್ಟು ಬೇರೇನೂ ಕಾಣಲಿಲ್ಲ. — ಓದುಗರೊಬ್ಬರು, ಶಿರಸಿ

ಸಂಪಾದಕರ ಉತ್ತರ:

ಆ ಸಾಲು ಬರೆದವನು ನಾನೇ. ಸ್ವಲ್ಪ ಜಾಸ್ತಿ ಹೇಳಿಬಿಟ್ಟೆ, ಒಪ್ಪಿಕೊಳ್ಳುತ್ತೇನೆ. ಮುಖ ನೋಡಿದರೆ ಏನೂ ತಿಳಿಯುವುದಿಲ್ಲ. ಒಬ್ಬಳೇ ರಾಣಿಯ ನಾಣ್ಯ ಲಂಡನ್ನಿನಿಂದ ಅಲೆಕ್ಸಾಂಡ್ರಿಯಾವರೆಗೆ ಎಷ್ಟೋ ಟಂಕಸಾಲೆಗಳಲ್ಲಿ ತಯಾರಾಗುತ್ತಿತ್ತು. ಅಚ್ಚು ಕೆತ್ತಿದವರಲ್ಲಿ ಎಷ್ಟು ಜನ ಅವಳನ್ನು ಕಣ್ಣಾರೆ ನೋಡಿದ್ದಾರು?

ಆದರೆ ತಪ್ಪು ಇನ್ನೊಂದು ಕಡೆಯೂ ಆಗಿದೆ. ಜಾಗ ಉಳಿಸಲು ಹೋಗಿ ನಾವು ಮುಖದ ಬದಿಯನ್ನು ಮಾತ್ರ ಹಾಕಿದೆವು. ಕಥೆ ಇದ್ದದ್ದು ಹಿಂಬದಿಯಲ್ಲಿ.

ಫೌಸ್ತಾಳ ನಾಣ್ಯವನ್ನೇ ತೆಗೆದುಕೊಳ್ಳಿ. ಸಣ್ಣ ಕಂಚಿನ ನಾಣ್ಯ, ಸುಮಾರು ಮೂರು ಗ್ರಾಂ ತೂಕ. ಹಿಂದೆ ಒಬ್ಬ ಹೆಂಗಸು ನಿಂತಿದ್ದಾಳೆ, ಎರಡು ಕೂಸುಗಳನ್ನು ಎದೆಗೆ ಅವಚಿಕೊಂಡಿದ್ದಾಳೆ. ಸುತ್ತ ಲ್ಯಾಟಿನ್ ಅಕ್ಷರ: 'ಸ್ಪೆಸ್ ರೆಯ್‌ಪೂಬ್ಲಿಕೇ'. ನಾಡಿನ ಭರವಸೆ ಎಂದರ್ಥ. ಫೌಸ್ತಾ ಚಕ್ರವರ್ತಿ ಕಾನ್‌ಸ್ಟಂಟೈನನ ಹೆಂಡತಿ. ಕ್ರಿ.ಶ. 307ರಲ್ಲಿ ಮದುವೆ. ಆಮೇಲೆ ಅವಳ ಅಪ್ಪ ಮ್ಯಾಕ್ಸಿಮಿಯನ್ ಅಳಿಯನ ವಿರುದ್ಧ ತಿರುಗಿಬಿದ್ದು 310ರಲ್ಲಿ ಸತ್ತ. ಅಣ್ಣ ಮ್ಯಾಕ್ಸೆಂಟಿಯಸ್ 312ರಲ್ಲಿ ಭಾವನ ಜೊತೆಗಿನ ಯುದ್ಧದಲ್ಲಿ ಸೋತು ಟೈಬರ್ ನದಿಯಲ್ಲಿ ಮುಳುಗಿದ. ತವರು ಅನ್ನುವುದೇ ಉಳಿಯಲಿಲ್ಲ. ಇಷ್ಟಾದರೂ 324ರಲ್ಲಿ ಅವಳಿಗೆ 'ಅಗಸ್ಟಾ', ಅಂದರೆ ಮಹಾರಾಣಿ, ಎಂಬ ಪಟ್ಟ ಸಿಕ್ಕಿತು. ಅತ್ತೆ ಹೆಲೆನಾಗೂ ಆಗಲೇ ಸಿಕ್ಕಿತು. ಅತ್ತೆ ಸೊಸೆ ಇಬ್ಬರ ನಾಣ್ಯಗಳೂ ಒಟ್ಟಿಗೆ ಪೇಟೆಗೆ ಬಂದವು. ಅತ್ತೆಯ ನಾಣ್ಯದ ಹಿಂದೆ ಮಕ್ಕಳಿಲ್ಲ. ಕೈಯಲ್ಲಿ ಕೊಂಬೆ ಹಿಡಿದ ಹೆಂಗಸಿದ್ದಾಳೆ, ಬರಹ 'ನಾಡಿನ ನೆಮ್ಮದಿ'. ಸೊಸೆ ಹೆರಬೇಕು, ಅತ್ತೆ ಮನೆ ಕಾಯಬೇಕು. ಅರಮನೆ ಯಾರಿಂದ ಏನು ಬಯಸಿತ್ತು ಎಂಬುದು ಇದಕ್ಕಿಂತ ನೇರವಾಗಿ ಇನ್ನೆಲ್ಲಿ ಸಿಗುತ್ತೆ ಹೇಳಿ.

326ರಲ್ಲಿ ಕಾನ್‌ಸ್ಟಂಟೈನ್ ತನ್ನ ಹಿರಿಮಗ ಕ್ರಿಸ್ಪಸ್‌ನನ್ನು ಕೊಲ್ಲಿಸಿದ. ಇವನು ಬೇರೆ ಹೆಂಗಸಿಗೆ ಹುಟ್ಟಿದವನು. ಸ್ವಲ್ಪ ದಿನದಲ್ಲೇ ಫೌಸ್ತಾಳೂ ಸತ್ತಳು. ಬಿಸಿ ಏರಿಸಿದ ಸ್ನಾನದ ಕೋಣೆಯಲ್ಲಿ ಉಸಿರುಗಟ್ಟಿಸಿ ಕೊಂದರು ಎಂದು ಆಮೇಲಿನವರು ಬರೆದಿದ್ದಾರೆ. ಮೊಮ್ಮಗನ ಸಾವಿನ ದುಃಖಕ್ಕೆ ಹೆಲೆನಾಳೇ ಸೊಸೆಯ ವಿರುದ್ಧ ಮಗನನ್ನು ಕೆಣಕಿದಳು ಎಂಬ ಮಾತೂ ಇದೆ. ಅರಮನೆಯ ಒಳಗಿನ ಸುದ್ದಿ, ಎಷ್ಟು ನಂಬಬೇಕೋ ಅಷ್ಟು ನಂಬಿ. ನಾಣ್ಯದ ಲೆಕ್ಕ ಮಾತ್ರ ಸ್ಪಷ್ಟ. ಸೊಸೆಯದ್ದು ಅಲ್ಲಿಗೆ ನಿಂತಿತು, ಅತ್ತೆಯದ್ದು ಮುಂದುವರಿಯಿತು.

ಕಲ್ಲಿನ ಶಾಸನಗಳಲ್ಲಿದ್ದ ಫೌಸ್ತಾಳ ಹೆಸರನ್ನು ಉಳಿಯಿಂದ ಕೆತ್ತಿ ಅಳಿಸಿದರು. ಕಲ್ಲು ಇದ್ದಲ್ಲೇ ಇರುತ್ತೆ, ಹುಡುಕಿ ಕೆತ್ತಬಹುದು. ಆದರೆ ಸೈನಿಕನ ಚೀಲ, ಹಿಟ್ಟು ಮಾರುವವಳ ಸೆರಗಿನ ಗಂಟು ಸೇರಿದ ಪುಡಿಗಾಸನ್ನು ಯಾರು ವಾಪಸ್ ತರಿಸುತ್ತಾರೆ? ಹಾಗಾಗಿ ಎರಡು ಕೂಸುಗಳ ಆ ಹೆಂಗಸು ಇವತ್ತಿಗೂ ಸಂಗ್ರಹಕಾರರ ಕೈಗೆ ಸಿಗುತ್ತಲೇ ಇದ್ದಾಳೆ.

ಇದರ ಮುಂದಿನ ಕಥೆ ನನಗೆ ಇನ್ನೂ ಹೆಚ್ಚು ಕಾಡುತ್ತದೆ. 337ರಲ್ಲಿ ಕಾನ್‌ಸ್ಟಂಟೈನ್ ತೀರಿಕೊಂಡ. ಮೂವರು ಮಕ್ಕಳು ರಾಜ್ಯ ಹಂಚಿಕೊಂಡರು. ಅದೇ ಹೊತ್ತಿಗೆ ಎರಡು ಹೊಸ ನಾಣ್ಯ ಬಂದವು, ಕಿರುಬೆರಳ ಉಗುರಿಗಿಂತ ಸ್ವಲ್ಪ ದೊಡ್ಡವು ಅಷ್ಟೆ. ಒಂದು, ಅಷ್ಟರಲ್ಲಾಗಲೇ ತೀರಿಕೊಂಡಿದ್ದ ಅಜ್ಜಿ ಹೆಲೆನಾಳದ್ದು. ಇನ್ನೊಂದು ಥಿಯೊಡೋರಾಳದ್ದು. ಯಾರು ಈಕೆ? ಹೆಲೆನಾಳನ್ನು ಬಿಟ್ಟು ಅವಳ ಗಂಡ ಮದುವೆಯಾದ ಹೆಂಗಸು! ಹೆಲೆನಾಳ ಮಟ್ಟಿಗೆ ಸವತಿ ಅನ್ನಿ. ಈಗ ಇಬ್ಬರೂ ಜೊತೆ ಜೊತೆ. ಆ ವರ್ಷವೇ ಥಿಯೊಡೋರಾಳ ಗಂಡುಮಕ್ಕಳನ್ನೂ ಮೊಮ್ಮಕ್ಕಳನ್ನೂ ಸೈನಿಕರು ಕಡಿದು ಹಾಕಿದರು. ಉಳಿದದ್ದು ಗ್ಯಾಲಸ್, ಜೂಲಿಯನ್ ಎಂಬ ಇಬ್ಬರು ಹುಡುಗರು. ಅವಳ ನಾಣ್ಯದ ಹಿಂದೆ ಕೂಸಿಗೆ ಹಾಲೂಡಿಸುವ ತಾಯಿ.

ಇಲ್ಲಿ ಅಕ್ಷರವನ್ನೂ ನೋಡಬೇಕು. ಮೊದಲಿನ ನಾಣ್ಯದಲ್ಲಿ 'ಹೆಲೆನಾ' ಎಂದಿತ್ತು. ಇದರಲ್ಲಿ ಕೊನೆಗೆ ಒಂದಕ್ಷರ ಜಾಸ್ತಿಯಾಗಿ 'ಹೆಲೆನೇ' ಆಗಿದೆ. ನಮ್ಮ ಶಾಲೆಯ ಚತುರ್ಥಿ ವಿಭಕ್ತಿ ನೆನಪಿದೆಯಲ್ವಾ? ಅದೇ. 'ಹೆಲೆನಾಗೆ'. ಸತ್ತವರಿಗೆ ಅರ್ಪಿಸಿದ್ದು. 'ಥಿಯೊಡೋರಾಗೆ' ಎಂದೂ ಇದೆ. 'ಫೌಸ್ತಾಗೆ' ಎಂದು ಒಂದೂ ಇಲ್ಲ. ಸಿಂಹಾಸನದಲ್ಲಿ ಕೂತವರು ಅವಳ ಮಕ್ಕಳೇ.

ನಿಮ್ಮ ತುರುಬಿನ ದೂರಿಗೂ ಒಂದು ಮಾತು. ಮೂಗು ಬಿಡಿ, ಬಟ್ಟೆ ನೋಡಿ. 383ರ ಹೊತ್ತಿಗೆ ಮೊದಲನೇ ಥಿಯೊಡೋಸಿಯಸನ ಹೆಂಡತಿ ಏಲಿಯಾ ಫ್ಲಾಕಿಲ್ಲಾ ನಾಣ್ಯದಲ್ಲಿ ಬರುವಾಗ ಚಕ್ರವರ್ತಿಯ ನಿಲುವಂಗಿಯನ್ನೇ ಹೊದ್ದಿದ್ದಾಳೆ, ಭುಜದ ಮೇಲೆ ಅವನದೇ ಥರದ ಪಿನ್ನು. ಅಧಿಕಾರ ಏರಿದ್ದು ಅಲ್ಲಿ ಕಾಣುತ್ತೆ. ಮುಂದೆ ಪೂರ್ವ ರೋಮನ್ ಸಾಮ್ರಾಜ್ಯದ ಹಲವು ರಾಣಿಯರು 'ಏಲಿಯಾ' ಎಂಬ ಅವಳ ಹೆಸರನ್ನೇ ಬಿರುದಿನಂತೆ ಹಚ್ಚಿಕೊಂಡರು. ಅಥೆನ್ಸಿನ ಪಂಡಿತನ ಮಗಳು ಅಥೆನಾಯಿಸ್ 421ರಲ್ಲಿ ಎರಡನೇ ಥಿಯೊಡೋಸಿಯಸನ ಕೈಹಿಡಿದಾಗ ಧರ್ಮದ ಜೊತೆ ಹೆಸರೂ ಬದಲಾಯಿತು. ನಾಣ್ಯದಲ್ಲಿ ಅವಳು 'ಏಲಿಯಾ ಯೂಡೋಕಿಯಾ'. ಅಪ್ಪನ ಮನೆಯಿಂದ ತಂದ ಹೆಸರಿಗೆ ಆ ಚಿನ್ನದಲ್ಲಿ ಜಾಗವಿಲ್ಲ. ಮದುವೆಯ ದಿನ ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿಕೊಂಡ ನಮ್ಮ ಮನೆಯ ಹಿರಿಯ ಹೆಂಗಸರಿಗೆ ಇದನ್ನು ವಿವರಿಸುವ ಕಷ್ಟವೇ ಇಲ್ಲ.

ಫೌಸ್ತಾ ಮತ್ತು ಥಿಯೊಡೋರಾ ನಾಣ್ಯಗಳ ಹಿಂಬದಿಯ ಚಿತ್ರಗಳನ್ನು ಮುಂದಿನ ಸಂಚಿಕೆಯಲ್ಲಿ ದೊಡ್ಡದಾಗಿ ಹಾಕುತ್ತೇವೆ. ನೋಡಿ ಮತ್ತೆ ಬರೆಯಿರಿ, ಬೈಯುವುದಿದ್ದರೂ ಸರಿ.