ನಾಶವಾದ ಡಿವಿಷನ್ ಮತ್ತೆ ಬಂದದ್ದು ಹೇಗೆ?

ಪ್ರಶ್ನೆ: ಸರ್, ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ 71ನೇ ಕಾಲಾಳು ಡಿವಿಷನ್ (ಸಾವಿರಾರು ಸೈನಿಕರ ಪಡೆ) ರಷ್ಯಾದ ಸ್ಟಾಲಿನ್‌ಗ್ರಾಡ್‌ನಲ್ಲಿ ನಾಶವಾಯಿತು ಅಂತಾರೆ. ಹಾಗಾದರೆ 1944ರಲ್ಲಿ ಇಟಲಿಯಲ್ಲಿ ಕಾದಿದ್ದು ಯಾರು?
– ಒಬ್ಬ ಓದುಗ, ಕೌಲ್ ಬಜಾರ್, ಬಳ್ಳಾರಿ

ಉತ್ತರ: ನಂಬರ್ ಅದೇ, ಜನ ಬೇರೆ. ನಿಮ್ಮೂರಿನ ಹೊಸಪೇಟೆ ಬಸ್ಸು ಕೆಟ್ಟರೆ ಬೋರ್ಡು ಕಿತ್ತು ಇನ್ನೊಂದಕ್ಕೆ ಹಾಕ್ತಾರಲ್ವಾ, ಹಾಗೆ. 1939ರಲ್ಲಿ ಕಟ್ಟಿದ ಈ ಪಡೆಯ ಗುರುತು ಅದೃಷ್ಟದ ನಾಲ್ಕೆಲೆ ಕ್ಲೋವರ್ ಸೊಪ್ಪು. 1942ರ ಸೆಪ್ಟೆಂಬರಿನಲ್ಲಿ ಸ್ಟಾಲಿನ್‌ಗ್ರಾಡ್ ನಡುಪೇಟೆ ಹಾದು ವೋಲ್ಗಾ ದಡ ಮುಟ್ಟಿತು. ಆಮೇಲೆ ಸೋವಿಯತ್ ಸೇನೆಯ ಮುತ್ತಿಗೆ, ಚಳಿ, ಹಸಿವು. 1943ರ ಜನವರಿಯಲ್ಲಿ ಕಮಾಂಡರ್ ಹಾರ್ಟ್‌ಮನ್ ರೈಲು ದಿಬ್ಬದ ಮೇಲೆ ನೆಟ್ಟಗೆ ನಿಂತು ಗುಂಡು ಹಾರಿಸುತ್ತಲೇ ಸತ್ತ. ಜಾಸ್ತಿ ಜನ ಅದನ್ನು ಶೌರ್ಯ ಅಂತಾರೆ. ನನಗೆ ಸುಮ್ನೆ ಜೀವ ಬೇಸರ ಅನಿಸುತ್ತದೆ. ಅದೇ ವರ್ಷ ಡೆನ್ಮಾರ್ಕ್‌ನಲ್ಲಿ ಹೊಸಬರನ್ನು ಸೇರಿಸಿ ಹಳೇ ನಂಬರ್ ಕೊಟ್ಟರು. ಇಟಲಿಗೆ ಹೋದವರು ಇವರೇ. 1944ರ ಮೇ ತಿಂಗಳಲ್ಲಿ ಗರಿಲಿಯಾನೋ ನದಿ ಪಕ್ಕದ ಗುಡ್ಡಗಳಲ್ಲಿ ಫ್ರೆಂಚ್ ಪಡೆಯ ಮೊರಾಕೊ ಸೈನಿಕರ ಕೈಲಿ ಜಜ್ಜಿಸಿಕೊಂಡರು. ಉಳಿದವರು ಮುಂದೆ ಹಂಗೆರಿಯಲ್ಲೂ ಕಾದಿದರು.